ಡಗ್ಲಸ್ ಡೈರಿ - 17: ಹತ್ತು ಜನ

ಹಿಂದಿನ ಪೋಸ್ಟಿಗೆ ಬಂದ ಒಂದು ಕಮೆಂಟಿಗೆ ಉತ್ತರ ಬಾಕಿ ಇತ್ತು. "ಮೇಡಂ, ಪರದೇಶದಲ್ಲಿ ಒಗ್ಗಟ್ಟು ಅಂದ್ರೆ ಏನು ಅಂತ ಯಹೂದಿಗಳನ್ನು ನೋಡಿ ಕಲೀಬೇಕು. ನಮ್ಮವರೂ ಏನು ಕಮ್ಮಿ ಇಲ್ಲ, ಈ ಸಲ ದೀಪಾವಳಿಗೆ ಹಾಲ್ ತುಂಬಿ ತುಳುಕಿತ್ತು."

ನೈಟ್ ಡ್ಯೂಟಿ ಮುಗಿಸಿ ಬಂದು ಓದಿದೆ. ನಿದ್ದೆ ಹತ್ತಲಿಲ್ಲ. ಈ ಭಾಗ ಪೂರ್ತಿ ಅದಕ್ಕೇ ಉತ್ತರ. ಸ್ವಲ್ಪ ಖಾರ ಇದೆ, ಮೊದಲೇ ಹೇಳಿಬಿಡ್ತೀನಿ.

ಯಹೂದಿಗಳನ್ನು ನೋಡಿ ಕಲೀಬೇಕಾ? ಸರಿ, ದೂರ ಹೋಗೋದು ಬೇಡ. ಡಗ್ಲಸ್‌ನಿಂದ ಬಸ್ ಹತ್ತಿ ಕಾರ್ಕ್ ಪೇಟೆಗೆ ಹೋಗಿ. ಆಲ್ಬರ್ಟ್ ರೋಡ್, ಹೈಬರ್ನಿಯನ್ ಬಿಲ್ಡಿಂಗ್ಸ್ ಸುತ್ತಮುತ್ತಲಿನ ಸಾಲುಮನೆಗಳಿಗೆ ಹಳಬರು ಈಗಲೂ 'ಜ್ಯೂಟೌನ್' ಅಂತಾರೆ. 1880ರ ದಶಕದಿಂದ ಲಿಥುವೇನಿಯಾ ಕಡೆಯ ಯಹೂದಿ ಕುಟುಂಬಗಳು ಬಂದು ನೆಲೆ ನಿಂತ ಜಾಗ ಅದು. ಗಂಡಸರು ಬೆನ್ನಿಗೆ ಗಂಟು ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿ ಸಾಮಾನು ಮಾರೋರು. ದುಡ್ಡು ವಾರದ ಕಂತಿನಲ್ಲಿ. ಶುಕ್ರವಾರ ಹೊತ್ತು ಮುಳುಗೋದರೊಳಗೆ ಮನೆ ಸೇರಬೇಕು, ಯಾಕಂದರೆ ಆಮೇಲೆ ಸಬ್ಬತ್. ಶನಿವಾರ ಕತ್ತಲಾಗೋ ತನಕ ಕೆಲಸ ಮಾಡುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ.

ನಾನು ನೋಡಿಕೊಂಡ ಒಬ್ಬ ಅಜ್ಜಿ ಹೇಳಿದ್ದರು (ಗುರುತು ಸಿಗುವ ವಿವರ ಬರೆಯಲ್ಲ): ಅವರಮ್ಮ ಚಿಕ್ಕ ಹುಡುಗಿಯಾಗಿದ್ದಾಗ ಶನಿವಾರ ಬೆಳಗ್ಗೆ ಪಕ್ಕದ ಯಹೂದಿ ಮನೆಗೆ ಹೋಗಿ ಒಲೆ ಹಚ್ಚಿಕೊಟ್ಟು ಬರ್ತಿದ್ದರಂತೆ. ನನಗೆ ಪುತ್ತೂರಿನ ನಮ್ಮಜ್ಜಿಯ ಮಡಿ ನೆನಪಾಯಿತು. ಆ ಮಡಿಗೆ ಪಕ್ಕದ ಮನೆಯವರು ಅಡುಗೆಮನೆ ಹೊಸ್ತಿಲು ದಾಟುವಂತಿರಲಿಲ್ಲ. ಇಲ್ಲಿ ಪಕ್ಕದ ಮನೆಯ ಮಗು ಬಂದರೇನೇ ಒಲೆ ಉರೀತಿತ್ತು.

ಎಲ್ಲ ಕಡೆ ಇಷ್ಟು ಚೆನ್ನಾಗಿರಲಿಲ್ಲ. 1904ರಲ್ಲಿ ಲಿಮರಿಕ್‌ನಲ್ಲಿ ಜಾನ್ ಕ್ರೇ ಅನ್ನೋ ಪಾದ್ರಿ ಪ್ರವಚನದಲ್ಲೇ ಯಹೂದಿಗಳ ಮೇಲೆ ವಿಷ ಕಾರಿದರು. ಅದೇ ಕಂತಿನ ವ್ಯಾಪಾರ ನೆಪ. ಬಹಿಷ್ಕಾರ ಶುರುವಾಯಿತು, ಹಲ್ಲೆಗಳಾದವು, ಕೆಲವು ಕುಟುಂಬಗಳು ಊರು ಬಿಟ್ಟವು. ಮೈಕೆಲ್ ಡೇವಿಟ್‌ರಂಥ ಐರಿಶ್ ನಾಯಕರು ಬಹಿರಂಗವಾಗಿ ವಿರೋಧಿಸಿದರು ಅನ್ನೋದನ್ನೂ ಹೇಳಬೇಕು. ಹಾಗೆ ಲಿಮರಿಕ್ ಬಿಟ್ಟು ಕಾರ್ಕ್‌ಗೆ ಬಂದ ಮನೆತನದಲ್ಲಿ ಹುಟ್ಟಿದ ವಕೀಲ ಜೆರಾಲ್ಡ್ ಗೋಲ್ಡ್‌ಬರ್ಗ್ 1977ರಲ್ಲಿ ಕಾರ್ಕ್‌ನ ಲಾರ್ಡ್ ಮೇಯರ್ ಆದರು. ಸಿನಗಾಗ್ ಇದ್ದ ಸೌತ್ ಟೆರೇಸ್ ಹತ್ತಿರದ ಕಾಲುಸೇತುವೆಯನ್ನು ಅವರು ಉದ್ಘಾಟಿಸಿದ್ದಕ್ಕೆ ಕಾರ್ಕ್ ಜನ ಅದಕ್ಕೆ 'ಪಾಸ್‌ಓವರ್' ಅಂತ ಅಡ್ಡಹೆಸರಿಟ್ಟರು. ಯಹೂದಿಗಳ ಹಬ್ಬದ ಹೆಸರೂ ಆಯಿತು, ದಾಟೋದೂ ಆಯಿತು.

ಲಿಮರಿಕ್ ಕಥೆ ಓದುವಾಗ 2025ರ ಬೇಸಿಗೆ ನೆನಪಾಗುತ್ತೆ. ಡಬ್ಲಿನ್‌ನಲ್ಲಿ ಭಾರತೀಯರ ಮೇಲೆ ಹಲ್ಲೆಗಳಾದಾಗ ನಮ್ಮದೇ ಗ್ರೂಪಿನಲ್ಲಿ ಏನು ಬಂತು? "ಈಗ ಬರ್ತಿರೋ ಸ್ಟೂಡೆಂಟ್ಸ್ ಸರಿಯಿಲ್ಲ, ಅವರಿಂದ ನಮ್ಮ ಹೆಸರು ಹಾಳು." ಅಂದರೆ ಹೊಡೆದವನದ್ದು ತಪ್ಪಲ್ಲ, ಹೊಡೆಸಿಕೊಂಡವನದ್ದು! ನಾವು ಬಂದಾಗ ನಾವೂ ಹೊಸಬರೇ. ಒಂದು ರೂಮಿನಲ್ಲಿ ನಾಲ್ಕು ಜನ ಮಲಗಿದ್ದು ಮರೆತುಹೋಯಿತಾ?

ಈಗ ಒಗ್ಗಟ್ಟಿನ ವಿಷಯಕ್ಕೆ ಬರೋಣ. ಯಹೂದಿ ಸಂಪ್ರದಾಯದಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ಬೇಕು. ಅದಕ್ಕೆ 'ಮಿನ್ಯಾನ್' ಅಂತಾರೆ. ತೀರಿಕೊಂಡವರ ಹೆಸರಲ್ಲಿ ಹೇಳುವ 'ಕದ್ದಿಷ್' ಪ್ರಾರ್ಥನೆಗೂ ಹತ್ತು ಜನ ಬೇಕೇ ಬೇಕು. ಒಬ್ಬನೇ ಮೂಲೆಯಲ್ಲಿ ಕೂತು ಅತ್ತು ಮುಗಿಸುವಂತಿಲ್ಲ, ಹತ್ತು ಜನ ಬಂದು ಪಕ್ಕದಲ್ಲಿ ನಿಲ್ಲಬೇಕು. ಸಾವಾದ ಮೇಲೆ ಏಳು ದಿನ ಮನೆಯವರು ಹೊರಗೆ ಹೋಗಲ್ಲ, ನೆರೆಯವರು ಊಟ ತಂದುಕೊಡ್ತಾರೆ. ಗುರುತು ಹತ್ತಿತಾ? ನಮ್ಮಲ್ಲೂ ಸಾವಿನ ಮನೆಯಲ್ಲಿ ಒಲೆ ಹಚ್ಚಲ್ಲ, ಪಕ್ಕದ ಮನೆಯಿಂದ ಗಂಜಿ ಬರುತ್ತೆ.

ಬರ್ತಿತ್ತು ಅನ್ನಬೇಕೇನೋ. ಹೋದ ನವೆಂಬರ್‌ನಲ್ಲಿ ಇಲ್ಲಿಗೆ ಬಂದು ಐದು ವಾರವಾಗಿದ್ದ ಒಬ್ಬ ಕನ್ನಡದ ನರ್ಸ್ ಹುಡುಗಿಯ ತಂದೆ ಊರಿನಲ್ಲಿ ತೀರಿಕೊಂಡರು. ಟಿಕೆಟ್ಟಿಗೆ ದುಡ್ಡಿಲ್ಲ, ಏಜೆನ್ಸಿಯ ಸಾಲವೇ ತೀರಿಲ್ಲ. ಅಪ್ಪನ ಅಂತ್ಯಕ್ರಿಯೆ ಮೊಬೈಲಿನಲ್ಲಿ ನೋಡಿದಳು. ಗ್ರೂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಇದ್ದೇವೆ. 'ಓಂ ಶಾಂತಿ' ಅರವತ್ತಮೂರು ಬಂತು, ಕೈಮುಗಿದ ಎಮೋಜಿ ಲೆಕ್ಕ ಹಾಕಲಿಲ್ಲ. ಸಂಜೆ ಅನ್ನ ಸಾರು ಡಬ್ಬಿಯಲ್ಲಿ ಹಾಕಿಕೊಂಡು ನಾನೂ ನನ್ನ ಗಂಡನೂ ಹೋದೆವು. ಬಾಗಿಲು ತೆರೆದವಳು ಮೊದಲು ಕೇಳಿದ್ದು, "ಅಕ್ಕಾ, ಮತ್ತ್ಯಾರಾದ್ರೂ ಬರ್ತಾರಾ?" ನಾನು ಸುಳ್ಳು ಹೇಳಿದೆ. "ಬರ್ತಾರಮ್ಮ, ಡ್ಯೂಟಿ ಮುಗಿಸಿ ಬರ್ತಾರೆ."

ಯಾರೂ ಬರಲಿಲ್ಲ. ಆ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಐದು ಕನ್ನಡದ ಮನೆಗಳಿವೆ.

ಅದಕ್ಕೇ ಹಾಲ್ ತುಂಬಿದ ಫೋಟೋ ನೋಡಿದರೆ ನನಗೆ ಸಿಟ್ಟು ಬರೋದು. ಮುನ್ನೂರು ಜನ ಸೇರೋದು ಸುಲಭ. ಊಟ ಇದೆ, ರೇಷ್ಮೆ ಸೀರೆ ಇದೆ, ಫೋಟೋ ಇದೆ. ಮಂಗಳವಾರ ಸಂಜೆ ಮಳೆಯಲ್ಲಿ ಹತ್ತು ಜನ ಸೇರೋದು ಕಷ್ಟ. ಆ ಹತ್ತು ಜನ ಇದ್ದರೆ ಮಾತ್ರ ಅದು ಸಮುದಾಯ. ಇಲ್ಲದಿದ್ದರೆ ಕ್ಯಾಟರಿಂಗ್ ಆರ್ಡರ್, ಅಷ್ಟೆ.

"ಶಿಫ್ಟ್ ಇರುತ್ತೆ, ಮಕ್ಕಳಿರುತ್ತಾರೆ" ಅಂತೀರಿ. ಹದಿಮೂರು ಗಂಟೆ ಕಾಲ ಮೇಲೆ ನಿಂತು ಬರೋಳು ನಾನೂ. ಎಲ್ಲರೂ ಬನ್ನಿ ಅಂತಿಲ್ಲ, ಇನ್ನೂರರಲ್ಲಿ ಹತ್ತು ಜನ ಅಂತಿದ್ದೀನಿ.

"ಅವರ ಸಿನಗಾಗೂ ಮುಚ್ಚಿತಲ್ಲ?" ಅಂತಲೂ ಕೇಳ್ತೀರಿ. ಹೌದು, ಸೌತ್ ಟೆರೇಸ್‌ನ ಸಿನಗಾಗ್ 2016ರ ಫೆಬ್ರವರಿಯಲ್ಲಿ ಮುಚ್ಚಿತು. ಮಕ್ಕಳು ಡಬ್ಲಿನ್, ಲಂಡನ್, ಇಸ್ರೇಲ್ ಅಂತ ಹೋದರು, ಹತ್ತು ಜನ ಸಿಗುವುದೇ ಕಷ್ಟವಾಯಿತು. ಆದರೆ ಅವರು ಜನ ಇಲ್ಲದೆ ಮುಚ್ಚಿದರು. ನಾವು ಜನ ಇದ್ದೂ ಬಾಗಿಲು ಹಾಕಿಕೊಂಡು ಕೂತಿದ್ದೇವೆ. ಅವರ ಹಳೆಯ ಲೆಕ್ಕದಲ್ಲಿ ಹತ್ತೂ ಜನ ಗಂಡಸರೇ ಆಗಬೇಕಿತ್ತು, ಆ ನಿಯಮ ನಮಗೆ ಬೇಡ. ನಮ್ಮಲ್ಲಿ ಹೇಗೂ ಗಂಡಸರು ಕಮಿಟಿ ಮಾಡ್ತಾರೆ, ಹೆಂಗಸರು ಕೆಲಸ ಮಾಡ್ತಾರೆ.

ಜ್ಯೂಟೌನ್ ಪಕ್ಕದಲ್ಲೇ ಶಾಲೋಮ್ ಪಾರ್ಕ್ ಇದೆ. ಅಲ್ಲಿ ಒಂಬತ್ತು ದೀಪದ ಕಂಬಗಳು. ಒಂಬತ್ತನೆಯದು ವರ್ಷಕ್ಕೆ ಒಂದೇ ಸಲ, ಹನುಕ್ಕಾ ಹಬ್ಬದ ಕೊನೆಯ ಸಂಜೆ, ಸ್ವಲ್ಪ ಹೊತ್ತು ಉರಿಯುತ್ತೆ. ಮ್ಯಾಡಿ ಲೀಚ್ ಅನ್ನೋ ನ್ಯೂಜಿಲೆಂಡ್ ಕಲಾವಿದೆ ರೂಪಿಸಿದ್ದು. ಒಂದು ಸಣ್ಣ ಸಮುದಾಯವನ್ನು ಊರು ಹೀಗೆ ನೆನಪಿಟ್ಟುಕೊಂಡಿದೆ. ನಾವು ಹೋದ ಮೇಲೆ ಕಾರ್ಕ್ ನಮ್ಮನ್ನು ಯಾವುದಕ್ಕೆ ನೆನಪಿಡಬೇಕು? ಹೋಳಿಗೆ ಊಟದ ಪೋಸ್ಟರಿಗಾ?

ಡಗ್ಲಸ್, ಗ್ರೇಂಜ್, ರೋಚೆಸ್‌ಟೌನ್ ಕಡೆ ಇರೋರಿಗೆ ನೇರವಾಗಿ ಕೇಳ್ತಿದ್ದೀನಿ. ಸಾವು, ಹೆರಿಗೆ, ಆಪರೇಷನ್, ಕೆಲಸ ಹೋದದ್ದು, ಯಾವುದೇ ಇರಲಿ, ಕರೆದ ದಿನ ಬರುವ ಹತ್ತು ಜನ ಬೇಕು. ಜಾತಿ ಕೇಳಲ್ಲ, ಜಿಲ್ಲೆ ಕೇಳಲ್ಲ, ಅಧ್ಯಕ್ಷರು ಇರಲ್ಲ. ನಾನು ಒಂದು, ನನ್ನ ಗಂಡ ಎರಡು. ಆ ಹುಡುಗಿ ಮೊನ್ನೆ ಫೋನ್ ಮಾಡಿ, "ಅಕ್ಕಾ, ನಾನು ಮೂರು" ಅಂದಳು.

ಇನ್ನು ಏಳು ಬಾಕಿ. ಲೈಕ್ ಬೇಡ, 'ಓಂ ಶಾಂತಿ'ಯೂ ಬೇಡ. ಇನ್‌ಬಾಕ್ಸಿಗೆ ಫೋನ್ ನಂಬರ್ ಕಳಿಸಿ.