ಜೋಡಿ ಕುಣಿದರೆ ತಪ್ಪೇ? ಕೊಡಗಿನ ವಾಲಗ ಕೇಳಿ ಹೇಳಿ!

ನಮ್ಮ ಸಿನಿಮಾಗಳಲ್ಲಿ ಒಂದು ಕಟ್ಟಳೆ ಇತ್ತು, ನೆನಪಿದೆಯೇ? ಗಂಡು ಹೆಣ್ಣು ಕೈ ಕೈ ಹಿಡಿದು, ಸೊಂಟ ಬಳಸಿ ಹೆಜ್ಜೆ ಹಾಕಿದರೆಂದರೆ ಅದು ಕ್ಲಬ್ಬೇ ಆಗಿರಬೇಕು, ಮೂಲೆಯಲ್ಲಿ ಖಳನಾಯಕ ಸಿಗರೇಟು ಸುಡುತ್ತಿರಬೇಕು, ಮುಂದಿನ ರೀಲಿನಲ್ಲಿ ಯಾರದಾದರೂ ಮಾನವೋ ಪ್ರಾಣವೋ ಹೋಗಲೇಬೇಕು! ಮರ್ಯಾದಸ್ಥ ನಾಯಕಿ ಕುಣಿಯಬೇಕಾದರೆ ಮರ ಸುತ್ತಬೇಕು, ಅದೂ ನಾಯಕನಿಂದ ಮೂರು ಮಾರು ದೂರ ಓಡಿ ಓಡಿ. ಅತ್ತೆ ಮಾವ ನೋಡುತ್ತಿರುವಾಗಲೇ ಗಂಡ ಹೆಂಡತಿ ಎದುರುಬದುರು ನಿಂತು ಕುಣಿದ ದೃಶ್ಯ ಎಷ್ಟು ಚಿತ್ರಗಳಲ್ಲಿ ಕಂಡಿದ್ದೀರಿ? ಬೆರಳು ಮಡಿಸಿ ಹೇಳಿ ನೋಡೋಣ.

ಅದನ್ನು ನೋಡಬೇಕೆಂದರೆ ಟಿಕೆಟ್ಟೇ ಬೇಡ ಸ್ವಾಮಿ. ಕೊಡಗಿನ ಬಸ್ಸು ಹತ್ತಿ ಬನ್ನಿ, ಕೈಯಲ್ಲಿ ಒಂದು ಮದುವೆ ಕರೆಯೋಲೆ ಇದ್ದರಾಯಿತು. ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆ, ಯಾವ ಊರಿನ ಕೊಡವ ಸಮಾಜದ ಕಟ್ಟಡಕ್ಕಾದರೂ ಹೋಗಿ. ವಾಲಗದವರು ಪೀಪಿ ಎತ್ತಿ ಊದಿ, ಡೋಲಿಗೆ ಎರಡು ಪೆಟ್ಟು ಬಿದ್ದವೋ ಇಲ್ಲವೋ, ಅಲ್ಲಿಯವರೆಗೆ ಗಂಭೀರವಾಗಿ ಕುಳಿತಿದ್ದ ನಿವೃತ್ತ ಕರ್ನಲ್ ಸಾಹೇಬರ ಭುಜ ತಾನಾಗಿ ಮೇಲೇಳುತ್ತದೆ. ಕರಿ ಕುಪ್ಯ, ಕೆಂಪು ಚೇಲೆ, ಸೊಂಟದಲ್ಲಿ ಬೆಳ್ಳಿಯ ಪೀಚೆಕತ್ತಿ. ಎದುರಿಗೆ ನೆರಿಗೆಯನ್ನು ಹಿಂದಕ್ಕೆ ಸಿಕ್ಕಿಸಿದ ಸೀರೆಯಲ್ಲಿ ಅವರ ಹೆಂಡತಿ. ಇಬ್ಬರೂ ಕೈ ಎತ್ತಿ, ಮಣಿಕಟ್ಟು ತಿರುಗಿಸುತ್ತಾ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಹತ್ತಿರ ಬರುತ್ತಾರೆ, ಹಿಂದೆ ಸರಿಯುತ್ತಾರೆ. ಪಕ್ಕದಲ್ಲಿ ಸೊಸೆ, ಸೊಸೆಯ ಜೊತೆಗೆ ಮೈದುನ, ಅವರ ನಡುವೆ ಎಂಬತ್ತರ ಅಜ್ಜಿ! ಯಾರೂ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಇದಕ್ಕೆ ಮೇಷ್ಟ್ರಿಲ್ಲ, ಕ್ಲಾಸಿಲ್ಲ, ಎಣಿಕೆಯ ಹೆಜ್ಜೆಯಿಲ್ಲ. ಒಬ್ಬರು ಕೈ ಹಿಡಿದು ಎಳೆದರೆ ನೀವು ಒಳಗೆ. ಬೆವರು ಬಂದರೆ ಹೊರಗೆ.

ನಾನು ಕೊಡವನಲ್ಲ. ಆದರೂ ಎಳೆದಿದ್ದಾರೆ, ಕುಣಿದಿದ್ದೇನೆ. ಹೇಗೆ ಕುಣಿದೆ ಎಂದು ಮಾತ್ರ ಕೇಳಬೇಡಿ.

ಇದನ್ನು ಉಮ್ಮತ್ತಾಟ್, ಬೊಳಕಾಟ್‌ಗಳ ಜೊತೆ ಸೇರಿಸಿ ಗೊಂದಲ ಮಾಡಿಕೊಳ್ಳಬೇಡಿ. ಉಮ್ಮತ್ತಾಟ್ ಹೆಂಗಸರದು, ಕೈಯಲ್ಲಿ ತಾಳ, ನಡುವೆ ದೀಪ. ಈ ಕಲೆಗಾಗಿಯೇ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬೊಳಕಾಟ್ ಗಂಡಸರದು, ಚಾಮರ ಹಿಡಿದು ದುಡಿಯ ಹಾಡಿಗೆ. ಅವು ಕಲಿತು ಆಡುವ ಆಟಗಳು, ವೇದಿಕೆಗೂ ಬರುತ್ತವೆ. ಪುತ್ತರಿಯ ಹೊತ್ತಿನಲ್ಲಿ ಮಂದ್‌ಗಳಲ್ಲಿ ಆಡುವ ಪರೆಯಕಳಿ ಇದೆಯಲ್ಲ, ಅದೂ ಜೋಡಿಯದೇ! ಆದರೆ ಅಲ್ಲಿ ಪ್ರೇಮವಿಲ್ಲ. ಇಬ್ಬರು ಗಂಡಸರು ಬೆತ್ತ ಹಿಡಿದು ಒಬ್ಬರ ಮೊಣಕಾಲ ಕೆಳಗೆ ಇನ್ನೊಬ್ಬರು ಬಾರಿಸುತ್ತಾರೆ. ಆಮೇಲೆ ತಬ್ಬಿಕೊಳ್ಳುತ್ತಾರೆ ಎನ್ನಿ.

ಹಾಗಾದರೆ ಸಾಹೇಬರ ಜೋಡಿ ಕುಣಿತ ಕೊಡಗಿಗೆ ಬರಲಿಲ್ಲವೇ? ಬಾರದೆ ಇರುತ್ತದೆಯೇ! 1834ರಲ್ಲಿ ಇಂಗ್ಲಿಷರು ಕೊಡಗನ್ನು ತೆಗೆದುಕೊಂಡರು. 1850ರ ದಶಕದಿಂದ ಕಾಫಿ ತೋಟಗಳು ಎದ್ದವು. ತೋಟದ ದೊರೆಗಳು ಎಲ್ಲಿ ಹೋದರೂ ಮೊದಲು ಕ್ಲಬ್ಬು ಕಟ್ಟುವ ಜನ. ಪಾಲಿಬೆಟ್ಟದ ಬ್ಯಾಂಬೂ ಕ್ಲಬ್ ಇವತ್ತಿಗೂ ಇದೆ. ಕ್ಲಬ್ಬಿನಿಂದ ಒಂದು ದಾರಿಯಾದರೆ, ಸೈನ್ಯದಿಂದ ಇನ್ನೊಂದು. ಕಾರ್ಯಪ್ಪ, ತಿಮ್ಮಯ್ಯನವರಂಥ ಮಹಾ ದಂಡನಾಯಕರನ್ನು ಕೊಟ್ಟ ನಾಡು ಇದು. ಆಫೀಸರ್ಸ್ ಮೆಸ್ಸಿನಲ್ಲಿ ಛುರಿ ಮುಳ್ಳು ಹಿಡಿಯಲು ಕಲಿತಂತೆ ವಾಲ್ಟ್ಸ್, ಫಾಕ್ಸ್‌ಟ್ರಾಟ್ ಹೆಜ್ಜೆಯನ್ನೂ ಕಲಿಯಬೇಕಿತ್ತು.

ವಾಲ್ಟ್ಸ್ ಎಂದರೆ ಮೂರರ ಎಣಿಕೆ. ಒಂದು ಎರಡು ಮೂರು, ಒಂದು ಎರಡು ಮೂರು ಎಂದು ಬುಗುರಿಯ ಹಾಗೆ ತಿರುಗುವುದು. ಇವತ್ತು ಸಭ್ಯರ ಕುಣಿತ ಎನಿಸಿಕೊಂಡಿರುವ ಇದೇ ವಾಲ್ಟ್ಸ್ 1816ರಲ್ಲಿ ಲಂಡನ್ನಿನ ರಾಜಮನೆತನದ ಔತಣದಲ್ಲಿ ನಡೆದಾಗ 'ಟೈಮ್ಸ್' ಪತ್ರಿಕೆ ಕೆಂಡಾಮಂಡಲವಾಯಿತು. ಇಂಥ ಅಂಟಿಕೊಂಡ ಕುಣಿತಕ್ಕೆ ಹೆಣ್ಣುಮಕ್ಕಳನ್ನು ಬಿಡಬೇಡಿ ಎಂದು ತಂದೆತಾಯಿಗಳಿಗೆ ಬುದ್ಧಿ ಹೇಳಿತು! ನಮ್ಮ ಸೆನ್ಸಾರ್ ಮಂಡಳಿಯವರು ಅಲ್ಲೇ ಹುಟ್ಟಿದ್ದರೇನೋ. ಫಾಕ್ಸ್‌ಟ್ರಾಟ್ ನಾಲ್ಕರ ಎಣಿಕೆ, 1914ರ ಸುಮಾರಿಗೆ ಅಮೆರಿಕದಿಂದ ಬಂದದ್ದು. ಟ್ಯಾಂಗೋ ಬ್ಯೂನಸ್ ಐರಿಸ್‌ನ ಬಡವರ ಕೇರಿಗಳದು, ಚಾ-ಚಾ-ಚಾ ಕ್ಯೂಬಾದ್ದು. ಇವೆಲ್ಲದರಲ್ಲೂ ಗಂಡು ಮುನ್ನಡೆಸಬೇಕು, ಹೆಣ್ಣು ಹಿಂಬಾಲಿಸಬೇಕು ಎಂಬುದೇ ಹಳೆಯ ರೂಢಿ. ಕೊನೆಗೆ 1960ರಲ್ಲಿ ಚಬ್ಬಿ ಚೆಕರ್ ಎಂಬ ಗಾಯಕ 'ಟ್ವಿಸ್ಟ್' ಹಾಡಿ, ಜೋಡಿಯ ಕೈ ಬಿಡಿಸಿ ಎದುರುಬದುರು ನಿಲ್ಲಿಸಿದ. ಜಗತ್ತೆಲ್ಲ ಹುಚ್ಚೆದ್ದಿತು.

ಕೈ ಬಿಟ್ಟು, ಎದುರುಬದುರು, ಯಾರೂ ಮುನ್ನಡೆಸದ ಜೋಡಿ ಕುಣಿತ! ಇದನ್ನೇ ಅಲ್ಲವೇ ನಮ್ಮ ವಾಲಗದ ಅಂಗಳದಲ್ಲಿ ಅಜ್ಜಿಯಂದಿರು ಮಾಡುತ್ತಿರುವುದು?

ಸಿನಿಮಾದವರಿಗೆ ಈ ಚೆಲುವು ಪೂರಾ ಗೊತ್ತಿಲ್ಲ ಎನ್ನಲಾರೆ. ರಾಜೇಂದ್ರಸಿಂಗ್ ಬಾಬು ಅವರ 'ಮುತ್ತಿನ ಹಾರ' (1990) ಕೊಡವ ಸೈನಿಕನ ಕಥೆ. ವಿಷ್ಣುವರ್ಧನ್, ಸುಹಾಸಿನಿ, ಹಂಸಲೇಖರ ಸಂಗೀತ, ಹೇಳಬೇಕೇ! ಕೊಡವ ಭಾಷೆಯಲ್ಲೇ 1972ರಷ್ಟು ಹಿಂದೆ 'ನಾಡ ಮಣ್ಣ್ ನಾಡ ಕೂಳ್' ಬಂದಿತ್ತು. ಈಗಂತೂ ತಾರೆಗಳೇ ಈ ಮಣ್ಣಿನವರು. ಪ್ರೇಮಾ ಬಂದರು, ಆಮೇಲೆ ವಿರಾಜಪೇಟೆಯ ರಶ್ಮಿಕಾ 'ಪುಷ್ಪ'ದಲ್ಲಿ (2021) ದೇಶವನ್ನೇ ಕುಣಿಸಿದರು. ಹರ್ಷಿಕಾ ಪೂಣಚ್ಚ, ಭುವನ್ ಪೊನ್ನಣ್ಣ 2023ರ ಆಗಸ್ಟ್‌ನಲ್ಲಿ ವಿರಾಜಪೇಟೆಯಲ್ಲಿ ಕೊಡವ ಪದ್ಧತಿಯಂತೆ ಮದುವೆಯಾದರು. ಆದರೆ ಹೆಚ್ಚಿನ ಚಿತ್ರಗಳಿಗೆ ಕೊಡಗೆಂದರೆ ಮಂಜು, ಜಲಪಾತ, ಒಂದು ಡ್ಯೂಯೆಟ್, ಪ್ಯಾಕಪ್!

ಹಾಗೆಂದು ವಾಲಗದಲ್ಲಿ ಎಲ್ಲವೂ ಸಿಹಿ ಎಂದು ಬರೆದರೆ ನಾನು ಪ್ರವಾಸೋದ್ಯಮದವನಾದೇನು. ಮದುವೆಯಲ್ಲಿ 'ನೀರೆಡ್ಪ' ಎಂಬ ಶಾಸ್ತ್ರವಿದೆ, ಗಂಗಾಪೂಜೆ. ಮದುಮಗಳು ಬಾವಿಗೆ ಪೂಜೆ ಮಾಡಿ, ನೀರು ಸೇದಿ, ತಲೆಯ ಮೇಲೆ ಕೊಡ ಹೊತ್ತು ಒಳಗೆ ಬರಬೇಕು. ಗಂಡಿನ ಕಡೆಯ ನಂಟರು ದಾರಿಗೆ ಅಡ್ಡ ನಿಂತು ವಾಲಗಕ್ಕೆ ಕುಣಿಯುತ್ತಾರೆ. ಅವರು ಒಂದು ಹೆಜ್ಜೆ ಬಿಟ್ಟರೆ ಇವಳು ಒಂದು ಹೆಜ್ಜೆ ಮುಂದೆ. ಹೊಸ ಸೊಸೆಯ ತಾಳ್ಮೆ ನೋಡುವ ತಮಾಷೆ ಅನ್ನುತ್ತಾರೆ. ತಮಾಷೆಯೇ ಸರಿ, ಅರ್ಧ ಗಂಟೆಗೆ. ಕೆಲವು ಕಡೆ ಗ್ಲಾಸು ಏರಿದಂತೆ ಕುಣಿತವೂ ಏರಿ, ಗಂಟೆ ಎರಡಾದರೂ ದಾರಿ ಬಿಡುವುದಿಲ್ಲ. ನಾನು ಕಂಡ ಒಂದು ಮದುವೆಯಲ್ಲಿ ಹುಡುಗಿಯ ಕುತ್ತಿಗೆ ನಡುಗುತ್ತಿತ್ತು, ಮುಖದಲ್ಲಿ ಮಾತ್ರ ನಗು ಹಾಗೇ ಇತ್ತು. ಫೋಟೋದವನು ಆ ನಗುವನ್ನಷ್ಟೇ ತೆಗೆದ. ಕೊನೆಗೆ ಗಂಡಿನ ಸೋದರತ್ತೆಯೊಬ್ಬರು ಕುಣಿಯುತ್ತಲೇ ನುಗ್ಗಿ, "ಸಾಕು ಮಕ್ಕಳೇ, ನಾನೂ ಹೀಗೇ ನಿಂತವಳು" ಎಂದು ಅಡ್ಡ ನಿಂತವರನ್ನು ಒಬ್ಬೊಬ್ಬರನ್ನಾಗಿ ಪಕ್ಕಕ್ಕೆ ತಳ್ಳಿದರು. ವಾಲಗ ನಿಲ್ಲಲಿಲ್ಲ, ದಾರಿ ಬಿಟ್ಟಿತು. ಶಾಸ್ತ್ರ ಇರಲಿ, ಗಡಿಯಾರವೂ ಇರಲಿ ಎಂಬುದು ನನ್ನ ಮಾತು. ಬೈಯುವವರು ಸಂಪಾದಕರಿಗೆ ಕಾರ್ಡು ಬರೆಯಬಹುದು.

ಅದೇ ಮದುವೆಯಲ್ಲಿ ಊಟದ ಹೊತ್ತಿಗೆ ಡೋಲಿನವನ ಪಕ್ಕ ಕುಳಿತೆ. ವಾಲಗ ನುಡಿಸುವುದು ಕೊಡವರಲ್ಲ, ತಲೆಮಾರುಗಳಿಂದ ಮೇದರು ಮತ್ತಿತರ ಬಡ ಜನ. ಬುಟ್ಟಿ ಹೆಣೆಯುವ ಕೈಯೇ ಡೋಲು ಬಡಿಯುವ ಕೈ. ಬೆರಳ ತುದಿಗಳಿಗೆ ಪ್ಲಾಸ್ಟರು ಸುತ್ತಿದ್ದ. ಸಂಜೆಗೆ ಡಿ.ಜೆ. ಬರುವುದಿತ್ತು, ಆಳೆತ್ತರದ ಸ್ಪೀಕರುಗಳನ್ನು ಆಗಲೇ ಇಳಿಸುತ್ತಿದ್ದರು.

"ಇವರು ಬಂದ ಮೇಲೆ ನಿಮಗೆ ಕಷ್ಟ ಅಲ್ವಾ ಅಣ್ಣ?" ಎಂದೆ.

"ಶಾಸ್ತ್ರಕ್ಕೆ ನಾವೇ ಬೇಕು ಸಾರ್, ಬಾವಿ ಹತ್ರ ಡಿ.ಜೆ. ಇಡಕ್ಕಾಗಲ್ವಲ್ಲ," ಎಂದು ನಕ್ಕ. "ಆದ್ರೆ ಮೊದ್ಲು ರಾತ್ರಿ ಪೂರ್ತಿ ನಮ್ದೇ ಇತ್ತು. ಈಗ ಮಧ್ಯಾಹ್ನಕ್ಕೇ ಲೆಕ್ಕ ಮುಗಿಸ್ತಾರೆ. ಮಗ ಬರಲ್ಲ ಅಂದ, ಪಿಕಪ್ ಓಡಿಸ್ತಾನೆ. ತಪ್ಪು ಅನ್ನಕ್ಕಾಗತ್ತಾ?"

"ನೀವು ಯಾವತ್ತಾದ್ರೂ ವಾಲಗಕ್ಕೆ ಕುಣಿದಿದ್ದೀರಾ?"

ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. "ನಾನು ಕುಣಿದ್ರೆ ಬಾರಿಸೋರ್ಯಾರು ಸಾರ್?" ಎಂದ. ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು. ಕೈ ತೊಳೆದು, ಪ್ಲಾಸ್ಟರು ಬಿಗಿ ಮಾಡಿಕೊಂಡು, ಡೋಲನ್ನು ಹೆಗಲಿಗೇರಿಸಿದ.