ಶಿಕಾರಿ ಯಾರು?

ಯಶವಂತ ಚಿತ್ತಾಲರ ‘ಶಿಕಾರಿ’ (1979) ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಆಫೀಸು ರಾಜಕಾರಣದ ಕಾದಂಬರಿ. ಸ್ವಲ್ಪ ಓದಿಕೊಂಡವರಿಗೆ ಕಾಫ್ಕಾನ ನೆನಪು. ಎರಡೂ ಸರಿಯೇ. ಈ ಸಲ ಎರಡು ಅಪರೂಪದ ಕನ್ನಡಕ ಹಾಕಿಕೊಂಡು ಅದನ್ನು ನೋಡೋಣ.

ಮೊದಲನೆಯದು ನಾಸ್ಟಿಕ್ ಕನ್ನಡಕ. ನಾಸ್ತಿಕರಿಗೂ ಇದಕ್ಕೂ ಸಂಬಂಧವಿಲ್ಲ. ಗ್ರೀಕಿನ ‘ನೋಸಿಸ್’ ನಮ್ಮ ‘ಜ್ಞಾನ’ದ ದೂರದ ನೆಂಟ. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿದ್ದ ಈ ಪಂಥಗಳ ಅನೇಕ ಗ್ರಂಥಗಳು 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ, ಮಣ್ಣಿನ ಪಾತ್ರೆಯೊಂದರಲ್ಲಿ ಸಿಕ್ಕವು. ಅವುಗಳಲ್ಲಿ ಮತ್ತೆ ಮತ್ತೆ ಬರುವ ಕಥೆ ಇದು: ಈ ಲೋಕವನ್ನು ಕಟ್ಟಿದವನು ಪರಮಾತ್ಮನಲ್ಲ; ತಾನೇ ಪರಮಾತ್ಮ ಎಂದು ನಂಬಿಕೊಂಡ ಒಬ್ಬ ಕಿರಿಯ ದೇವರು. ಅವನ ಕೈಕೆಳಗೆ ಕಾವಲಿಗೆ ಆರ್ಕನ್ ಎಂಬ ಅಧಿಕಾರಿಗಳು. ಮನುಷ್ಯ ಇಲ್ಲಿ ಪರದೇಶಿ. ಅವನಿಗೆ ಬಿಡುಗಡೆ ಸಿಗುವುದು ಅರ್ಜಿಯಿಂದಲ್ಲ, ಅರಿವಿನಿಂದ.

ಈಗ ನಾಗಪ್ಪನನ್ನು ನೋಡಿ. ಉತ್ತರ ಕನ್ನಡದಿಂದ ಬಂದು ಮುಂಬೈಯ ಕಂಪನಿಯೊಂದರಲ್ಲಿ ಮೇಲೇರಿದವನು. ಒಂದು ದಿನ ಇದ್ದಕ್ಕಿದ್ದಂತೆ ಅವನನ್ನು ಕೆಲಸದಿಂದ ದೂರವಿಡುತ್ತಾರೆ. ತಪ್ಪೇನೆಂದು ಯಾರೂ ನೇರವಾಗಿ ಹೇಳುವುದಿಲ್ಲ. ಸಾಹೇಬರ ಮೇಲೆ ಸಾಹೇಬರು. ತೀರ್ಪು ಎಲ್ಲಿಂದ ಬಂತೋ ತಿಳಿಯದು. ಸ್ವತಃ ರಾಸಾಯನಿಕ ಉದ್ಯಮದಲ್ಲಿ ದುಡಿದ ಚಿತ್ತಾಲರಿಗೆ ಈ ಆರ್ಕನ್‌ಗಳ ಮುಖಪರಿಚಯ ಚೆನ್ನಾಗಿಯೇ ಇತ್ತು ಅನಿಸುತ್ತದೆ.

ಆದರೆ ಈ ಕನ್ನಡಕ ಕಣ್ಣಿಗೆ ಅಂಟಿಕೊಂಡರೆ ಕಷ್ಟ. ಲಿಫ್ಟಿನಲ್ಲಿ ನಗದೆ ಹೋದವನೂ ಸಂಚುಗಾರ, ಎರಡು ಸಾಲಿನ ಈಮೇಲೂ ಬಲೆ. ಊರು ಬಿಟ್ಟು ಬಂದವರಿಗೆ ಈ ಕಾಯಿಲೆ ಬೇಗ ತಗಲುತ್ತದೆ.

ಅದಕ್ಕೇ ಎರಡನೆಯ ಕನ್ನಡಕ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ‘ಕೇಯಾಸ್ ಮ್ಯಾಜಿಕ್’ ಪಂಥದವರ ಪ್ರಕಾರ ನಂಬಿಕೆ ಒಂದು ಉಪಕರಣ. ಮಳೆ ಬಂದಾಗ ಕೊಡೆ ಬಿಚ್ಚುತ್ತೇವೆ, ಲೋಕಲ್ ಹತ್ತುವಾಗ ಮಡಚುತ್ತೇವೆ, ಹಾಗೆ. ಬಯಕೆಯನ್ನು ವಾಕ್ಯವಾಗಿ ಬರೆದು, ಅದರ ಅಕ್ಷರಗಳನ್ನು ಬೆಸೆದು ಚಿಹ್ನೆ ಮಾಡಿ, ಆಮೇಲೆ ಅದನ್ನು ಮರೆತುಬಿಡುವುದು ಅವರ ಒಂದು ಪ್ರಯೋಗ. ಅದು ಫಲಿಸುತ್ತದೋ ಇಲ್ಲವೋ, ಕಥೆ ಓದಲು ಒಳ್ಳೆಯ ಕೀಲಿಕೈ. ಜಯಂತ ಕಾಯ್ಕಿಣಿಯವರ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕಥೆಯಲ್ಲಿ ಪೋಪಟ್ ಮತ್ತು ಆಸಾವರಿ ತಮ್ಮ ಮದುವೆಯ ಕರೆಯೋಲೆಯನ್ನು ತಾವೇ ಹೊಂದಿಸಲು ಹೊರಡುತ್ತಾರಲ್ಲ, ಅದೂ ಇಂಥದೇ ಪ್ರಯೋಗ. ಯಾವ ಹೆಸರು, ಯಾವ ಮಾತು ಅಚ್ಚಾಗಬೇಕು ಎಂದು ಯೋಚಿಸುತ್ತಲೇ ಅವರು ತಮಗೊಂದು ಲೋಕ ಕಟ್ಟಿಕೊಳ್ಳುತ್ತಾರೆ. ಅಲ್ಲಿ ಸೃಷ್ಟಿಕರ್ತರು ಅವರೇ.

ಈ ಎರಡನ್ನೂ ಕಳಚಿಟ್ಟು ಮತ್ತೆ ‘ಶಿಕಾರಿ’ಯ ಹೆಸರು ನೋಡಿ. ಅಟ್ಟಿಸಿಕೊಂಡು ಓಡುವವನ ಕಥೆಗೆ ಬೇಟೆಗಾರನ ಹೆಸರೇಕೆ? ಮಾಯೆ ಹೆಣ್ಣು ಹೊನ್ನು ಮಣ್ಣಿನಲ್ಲಿಲ್ಲ, ಮನದ ಮುಂದಣ ಆಸೆಯಲ್ಲಿದೆ ಎಂಬ ಅರ್ಥದ ಮಾತನ್ನು ಅಲ್ಲಮ ಹನ್ನೆರಡನೆಯ ಶತಮಾನದಲ್ಲೇ ಹೇಳಿದ್ದ. ನಾಸ್ಟಿಕ್ ಕ್ರೌರ್ಯವನ್ನು ಲೋಕ ಕಟ್ಟಿದವನಲ್ಲಿ ಹುಡುಕಿದರೆ, ಅಲ್ಲಮ ನಮ್ಮ ಕಡೆಗೇ ಬೆರಳು ತೋರಿಸುತ್ತಾನೆ. ನಾಗಪ್ಪನ ಶತ್ರುಗಳು ಕಲ್ಪನೆಯಲ್ಲ, ಸಂಚು ನಿಜ. ಆದರೆ ಬೇಟೆಯ ಗೀಳು ಅವರಿಗೆ ಮಾತ್ರ ಮೀಸಲೇ ಎಂಬ ಪ್ರಶ್ನೆಯಿಂದಲೇ ಈ ಕಾದಂಬರಿ ಇಂದಿಗೂ ಚುಚ್ಚುತ್ತದೆ.

ಕೆಲಸ ಹೋಗುವ ಭಯದಲ್ಲಿ ಬದುಕುವ ನಗರದಲ್ಲಿ ಪಂಜರವನ್ನು ಪಂಜರವೆಂದು ಗುರುತಿಸಲು ಮೊದಲ ಕನ್ನಡಕ ಬೇಕು, ಸಂಜೆ ಮನೆಗೆ ಬಂದಮೇಲೆ ಅದನ್ನು ತೆಗೆದಿಡಲು ಎರಡನೆಯದು. ನಡುವೆ ಒಮ್ಮೆ ಕನ್ನಡಿಯನ್ನೂ ನೋಡಿಕೊಳ್ಳಬೇಕು. ‘ಶಿಕಾರಿ’ ಕಪಾಟಿನಲ್ಲಿದ್ದರೆ ಈ ವಾರ ಕೆಳಗಿಳಿಸಿ.