ಗಣಕದ ನಿದ್ರೆಯೂ ನಮ್ಮ ಎಚ್ಚರವೂ

ಮನೆಗೆಲಸವನ್ನು ಒಪ್ಪಿಸದ ವಿದ್ಯಾರ್ಥಿಗಳಿಂದ ಈಚೆಗೆ ಅಧ್ಯಾಪಕರು ಮೇಲಿಂದ ಮೇಲೆ ಕೇಳುವ ಕಾರಣವೊಂದುಂಟು: “ಲ್ಯಾಪ್‌ಟಾಪನ್ನು ಮುಚ್ಚಿ ತೆರೆದೆ, ಸರ್, ಆಮೇಲೆ ವೈ-ಫೈ ಬರಲೇ ಇಲ್ಲ.” ಇದನ್ನು ಕೇಳಿ ನಗುವವರುಂಟು, ಗದರಿಸುವವರೂ ಉಂಟು. ನನ್ನ ಅಭಿಪ್ರಾಯದಲ್ಲಿ ಇದು ಬಹುಮಟ್ಟಿಗೆ ನಿಜವಾದ ಕಾರಣ; ನೆವವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಕಾರಣವನ್ನು ಹೇಳಿದವನು ಅಷ್ಟಕ್ಕೇ ಕೈಕಟ್ಟಿ ಕುಳಿತುಬಿಡುವುದೂ ನನಗೆ ಒಪ್ಪಿಗೆಯಿಲ್ಲ.

ಯಂತ್ರಕ್ಕೆಂತಹ ನಿದ್ರೆ ಎಂದು ನೀವು ಕೇಳಬಹುದು. ಮುಚ್ಚಳವನ್ನು ಮುಚ್ಚಿದ ಮಾತ್ರಕ್ಕೆ ಲ್ಯಾಪ್‌ಟಾಪು ಆರಿಹೋಗುವುದಿಲ್ಲ, ಸಾಮಾನ್ಯವಾಗಿ ಮಲಗುತ್ತದೆ. ಆಗ ಅದರ ತಾತ್ಕಾಲಿಕ ಸ್ಮರಣೆಗೆ ತುಸು ವಿದ್ಯುತ್ತು ಹರಿಯುತ್ತಿದ್ದು, ಮಿಕ್ಕ ಅಂಗಗಳು ಬಹುಪಾಲು ವಿರಮಿಸುತ್ತವೆ. ಇದು ‘ಸ್ಲೀಪ್’. ಸ್ಮರಣೆಯಲ್ಲಿದ್ದುದೆಲ್ಲವನ್ನೂ ಡಿಸ್ಕಿನ ಮೇಲೆ ಬರೆದಿಟ್ಟು, ವಿದ್ಯುತ್ತಿನ ಹಂಗನ್ನೇ ತೊರೆದು ಮಲಗುವ ದೀರ್ಘನಿದ್ರೆ ‘ಹೈಬರ್ನೇಟ್’. ಈಗಿನ ಕೆಲವು ಯಂತ್ರಗಳಂತೂ ಗಾಢವಾಗಿ ನಿದ್ರಿಸುವುದೇ ಇಲ್ಲ. ಕೈಫೋನಿನಂತೆ ಅರೆಗಣ್ಣು ತೆರೆದೇ ಇರುತ್ತವೆ. ಈ ನಿದ್ರೆಗಳ ಕಟ್ಟಳೆಯನ್ನು ೧೯೯೬ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು ಕೂಡಿ ಪ್ರಕಟಿಸಿದವು. ಇಂದು ನಾವು ವೈ-ಫೈ ಎನ್ನುವುದರ ಮೂಲ ನಿಯಮಾವಳಿ, ಅಂದರೆ ೮೦೨.೧೧, ಹೊರಬಂದುದು ಮರುವರ್ಷ, ೧೯೯೭ರಲ್ಲಿ. ಬೇರೆ ಬೇರೆ ಮನೆಗಳಲ್ಲಿ ಹುಟ್ಟಿದ ಈ ಇಬ್ಬರು ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಹೂಡಬೇಕಾಗಿ ಬಂದಿದೆ. ಆಗಾಗ ಮನಸ್ತಾಪವುಂಟಾದರೆ ಆಶ್ಚರ್ಯವೇನು?

ಭಾಗವತದ ಮುಚುಕುಂದನ ಕಥೆಯನ್ನು ನೀವು ಕೇಳಿರುವಿರಿ. ದೇವತೆಗಳಿಗಾಗಿ ಹೋರಾಡಿ ದಣಿದ ಆ ರಾಜನು ಗುಹೆಯೊಂದರಲ್ಲಿ ಮಲಗಿ, ಯುಗಾಂತರದ ಮೇಲೆ ಎದ್ದು ಹೊರಗೆ ಬಂದು ನೋಡಿದರೆ ಮನುಷ್ಯರೇ ಕುಳ್ಳಗಾಗಿದ್ದರಂತೆ. ಲ್ಯಾಪ್‌ಟಾಪಿನ ಅವಸ್ಥೆಯೂ ಇಂತಹುದೇ. ಮಲಗುವಾಗ ತಾನು ಜಾಲದಲ್ಲಿದ್ದೆನೆಂಬುದು ಅದಕ್ಕೆ ನೆನಪಿದೆ. ಆದರೆ ಗೋಡೆಯ ಮೇಲಿನ ರೌಟರು ಈ ಅತಿಥಿ ಎದ್ದುಹೋದನೆಂದು ಆಗಲೇ ಹೆಸರನ್ನು ಹೊಡೆದುಹಾಕಿರುತ್ತದೆ. ವೈ-ಫೈ ಬಿಲ್ಲೆಗೆ ವಿದ್ಯುತ್ತು ನಿಂತುಹೋಗಿದ್ದರೆ ಅದು ಕಲಿತುದೆಲ್ಲವನ್ನೂ ಮರೆತಿರುತ್ತದೆ. ಡ್ರೈವರ್ ಎಂಬ ತಂತ್ರಾಂಶವು ಅದಕ್ಕೆ ಮತ್ತೆ ಅಕ್ಷರಾಭ್ಯಾಸ ಮಾಡಿಸಬೇಕು. ಅನಂತರ ಅದು ಸುತ್ತಲಿನ ಜಾಲಗಳನ್ನು ಹುಡುಕಿ, ಗುಪ್ತಪದ ತನಗೆ ತಿಳಿದಿದೆಯೆಂದು ತೋರಿಸಿ, ಹೊಸ ಬೀಗದಕೈಗಳನ್ನು ಪಡೆದು, ಕಡೆಗೆ ರೌಟರಿನಿಂದ ವಿಳಾಸದ ಸಂಖ್ಯೆಯೊಂದನ್ನು ಬೇಡಬೇಕು. ಆ ಸಂಖ್ಯೆಯೂ ಸ್ವಂತದ್ದಲ್ಲ, ಗೇಣಿಯದು. ನಿದ್ರೆಯಲ್ಲಿರುವಾಗಲೇ ಗೇಣಿಯ ಅವಧಿ ತೀರಿದರೆ ಅದು ಅಣ್ಣನ ಫೋನಿನ ಪಾಲಾಗಿರಬಹುದು. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಸಾಕು, ವೈ-ಫೈಯ ಚಿಹ್ನೆಯೇ ಮಾಯವಾಗುತ್ತದೆ, ಇಲ್ಲವೆ ಚಿಹ್ನೆಯಿದ್ದೂ ಜಾಲವಿರುವುದಿಲ್ಲ. ನಾನು ಕಂಡಮಟ್ಟಿಗೆ ಹೆಚ್ಚಾಗಿ ಎಡವುವುದು ಡ್ರೈವರೇ.

ಇಷ್ಟನ್ನು ಕ್ಷಮಿಸಬಹುದು, ಬ್ಯಾಟರಿಯ ಉಳಿತಾಯವೂ ಬೇಕಾದುದೇ. ನನ್ನ ತಕರಾರಿರುವುದು ಬೇರೆಡೆ. ೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡೊಂದು ಸೇರಿಕೊಂಡಿದೆ. ಅದು ಚಾಲ್ತಿಯಲ್ಲಿರುವ ಯಂತ್ರದಲ್ಲಿ ನೀವು ‘ಶಟ್ ಡೌನ್’ ಒತ್ತಿದರೆ, ನಿಮ್ಮ ಕಡತಗಳೇನೋ ಮುಚ್ಚಿಕೊಳ್ಳುತ್ತವೆ. ಆದರೆ ವ್ಯವಸ್ಥೆಯ ತಿರುಳೂ ಡ್ರೈವರುಗಳ ಸ್ಥಿತಿಯೂ ಇದ್ದಂತೆಯೇ ಡಿಸ್ಕಿನಲ್ಲಿ ಬರೆಯಲ್ಪಟ್ಟು, ಮರುದಿನ ಮತ್ತೆ ಮೇಲೇಳುತ್ತವೆ. ಅಂದರೆ ಅದು ಅರೆ ದೀರ್ಘನಿದ್ರೆ. ದಿಕ್ಕುತಪ್ಪಿದ ಡ್ರೈವರು ದಿಕ್ಕುತಪ್ಪಿದಂತೆಯೇ ಏಳುತ್ತದೆ. “ಆರಿಸಿ ಹಚ್ಚಿದರೂ ಸರಿಹೋಗಲಿಲ್ಲ” ಎಂದು ಹುಡುಗನೊಬ್ಬ ಹೇಳಿದರೆ ಅವನು ಸುಳ್ಳನಲ್ಲ. ಆ ಗುಂಡಿಯ ಮೇಲಿನ ಮಾತೇ ಅರ್ಧ ಸುಳ್ಳು. ಹೊಸದಾಗಿ ಆರಂಭವಾಗಬೇಕಾದರೆ ‘ರೀಸ್ಟಾರ್ಟ್’ ಒತ್ತಬೇಕು, ಅಥವಾ ಶಿಫ್ಟ್ ಕೀಲಿಯನ್ನು ಹಿಡಿದುಕೊಂಡು ಶಟ್ ಡೌನ್ ಒತ್ತಬೇಕು. ಕೆಲವು ಕ್ಷಣಗಳ ಉಳಿತಾಯಕ್ಕಾಗಿ ಒಂದು ಮಾತಿನ ಅರ್ಥವನ್ನೇ ಸಡಿಲಿಸಿ, ಅದನ್ನು ಬಳಸುವವನಿಗೆ ತಿಳಿಸದಿರುವುದು ಸರಿಯಾದ ನಡತೆಯೆಂದು ನಾನು ಒಪ್ಪಲಾರೆ.

ಈ ಅನ್ಯಾಯದ ಭಾರ ಹೆಚ್ಚಾಗಿ ಬೀಳುವುದು ನಮ್ಮಂತಹವರ ಮನೆಗಳ ಮೇಲೆ. ಮುಂಬಯಿಯ ಒಂದು ಖೋಲಿಯ ಸಂಸಾರದಲ್ಲಿ ಒಂದೇ ಲ್ಯಾಪ್‌ಟಾಪು. ಹಗಲು ತಂದೆಯ ಕೆಲಸಕ್ಕೆ, ಸಂಜೆ ಅಕ್ಕನಿಗೆ, ರಾತ್ರಿ ತಮ್ಮನಿಗೆ. ಒಬ್ಬರ ಕೈಯಿಂದ ಒಬ್ಬರಿಗೆ ಹೋಗುವಾಗಲೆಲ್ಲ ಮುಚ್ಚಳ ಮುಚ್ಚುತ್ತದೆ, ತೆರೆಯುತ್ತದೆ. ವೈ-ಫೈ ಕಾಣದಿದ್ದಾಗ ತಾಳ್ಮೆಗೆಟ್ಟ ತಮ್ಮನು ಪವರ್ ಗುಂಡಿಯನ್ನು ಒತ್ತಿಹಿಡಿಯುತ್ತಾನೆ; ಅಕ್ಕನು ಉಳಿಸದೆ ಬಿಟ್ಟ ಪ್ರಬಂಧ ಅಲ್ಲಿಗೆ ಮುಗಿಯಿತು. ಇನ್ನೂ ಕೆಡುಕೆಂದರೆ ಯಂತ್ರವನ್ನು ದುರಸ್ತಿಯ ಅಂಗಡಿಗೆ ಕೊಡುವುದು. ಅವಸರದ ಕೆಲಸಗಾರನು ಡಿಸ್ಕನ್ನೇ ಒರೆಸಿ ಹೊಸ ವಿಂಡೋಸನ್ನು ತುಂಬಿಕೊಡುತ್ತಾನೆ. ಸಣ್ಣ ನೆಗಡಿಗೆ ಮೂಗು ಕೊಯ್ದಂತೆ! ಅದರಲ್ಲಿದ್ದ ಕನ್ನಡದ ಟಿಪ್ಪಣಿಗಳು ಮತ್ತೆ ಎಲ್ಲಿ ಸಿಕ್ಕಾವು?

ಮೊದಲು ಮನೆಯಲ್ಲಿರುವ ಫೋನಿಗೆ ಅದೇ ವೈ-ಫೈ ಸಿಗುತ್ತದೆಯೇ ನೋಡಿರಿ. ಸಿಗುತ್ತಿದ್ದರೆ ರೌಟರನ್ನು ಬೈಯಬೇಡಿರಿ, ಅಸ್ವಸ್ಥತೆ ಲ್ಯಾಪ್‌ಟಾಪಿನದು. ಬರೆದುದನ್ನು ಉಳಿಸಿ, ಏರ್‌ಪ್ಲೇನ್ ಮೋಡನ್ನು ಒಮ್ಮೆ ಹಾಕಿ ತೆಗೆಯಿರಿ. ಆಗಲೂ ಬಾರದಿದ್ದರೆ ರೀಸ್ಟಾರ್ಟ್. ದಿನವೂ ಇದೇ ಪಾಡಾದರೆ, ಡಿವೈಸ್ ಮ್ಯಾನೇಜರಿನಲ್ಲಿ ವೈ-ಫೈ ಅಡಾಪ್ಟರನ್ನು ತೆರೆದು, ‘ಪವರ್ ಮ್ಯಾನೇಜ್‌ಮೆಂಟ್’ ಎಂಬಲ್ಲಿ, ವಿದ್ಯುತ್ತನ್ನು ಉಳಿಸಲು ಇದನ್ನು ಆರಿಸುವುದಕ್ಕೆ ಗಣಕಕ್ಕೆ ಅನುಮತಿ ಕೊಡುವ ಗುರುತನ್ನು ಅಳಿಸಿರಿ. ಬ್ಯಾಟರಿ ತುಸು ಬೇಗ ಕರಗೀತು. ಪರೀಕ್ಷೆಯ ಕಾಲದಲ್ಲಿ ಅದು ದೊಡ್ಡ ನಷ್ಟವಲ್ಲ. ಕೆಲವು ಹೊಸ ಯಂತ್ರಗಳಲ್ಲಿ ಆ ಪುಟವೇ ಕಾಣಿಸದು; ಅಲ್ಲಿ ತಯಾರಕರ ಜಾಲತಾಣದಿಂದ ಹೊಸ ಡ್ರೈವರನ್ನು ತರಬೇಕಾಗುತ್ತದೆ. ವೈ-ಫೈಯೇ ಇಲ್ಲದಾಗ ಅದನ್ನು ತರುವುದೆಂತು? ಫೋನನ್ನು ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಅನ್ನು ಹಚ್ಚಿದರೆ, ಆ ತಂತಿಯ ಮೂಲಕವೇ ಜಾಲ ಹರಿದುಬರುತ್ತದೆ.